ಗಾಳಿ ಹಾಕುವ ಕೈ

ಕಳೆದ ವಾರ ಸಾಣಾಪುರದ ಒಂದು ವಸತಿಗೃಹದಲ್ಲಿ ತಿಂಡಿಗೆ ಕೂತಿದ್ದಾಗ, ನನ್ನ ಎಡಗೈ ನನಗೆ ಹೇಳದೆ ಕೇಳದೆ ಒಂದು ಕೆಲಸ ಶುರು ಮಾಡಿತು. ಮೇಜಿನ ಆಚೆ ಅಂಚಿಗೆ ಹೋಗಿ, ಬೆರಳು ಜೋಡಿಸಿಕೊಂಡು, ಮುಂದೆ ಹಿಂದೆ, ಮುಂದೆ ಹಿಂದೆ ಆಡತೊಡಗಿತು. ಬಲಗೈ ಮಾತ್ರ ಸಭ್ಯವಾಗಿ ಉಪ್ಪಿಟ್ಟು ತಿನ್ನುತ್ತಿತ್ತು. ದೂರದಲ್ಲಿ ನಿಂತಿದ್ದ ಬಡಿಸುವವನು ಓಡಿ ಬಂದು "ಏನ್ ಬೇಕಾಗಿತ್ರಿ ಮೇಡಂ?" ಎಂದ. ಏನೂ ಇಲ್ಲಪ್ಪಾ ಅಂದೆ. ಅವನು ಹೋದ, ಕೈ ಮತ್ತೆ ಆಡಿತು, ಅವನು ಮತ್ತೆ ಬಂದ. ಆಮೇಲೂ ಒಮ್ಮೆ ಬಂದಾಗ ಮರ್ಯಾದೆ ಉಳಿಸಿಕೊಳ್ಳಲು ಬೇಡದ ಚಹಾ ಒಂದನ್ನು ತರಿಸಿಕೊಂಡೆ.

ನಾದಿನಿಯ ಮನೆಯವರು ಸೊಲ್ಲಾಪುರದಿಂದ ಆನೆಗೊಂದಿ ನೋಡಲು ಬಂದಿದ್ದರು. ಇದೇ ಸೀಮೆಯವಳಲ್ಲವೆ, ತೋರಿಸಲಿಕ್ಕೆ ನಾನು. ನಿಜ ಹೇಳಬೇಕೆಂದರೆ ಪ್ರತಿ ತಿರುವಿನಲ್ಲೂ ದಾರಿ ಕೇಳಿದವಳು ನಾನು, ಹೇಳಿದ್ದು ಅವರ ಮೊಬೈಲು. ಅವರೆಲ್ಲ ಕೆರೆಗೆ ತೆಪ್ಪದಲ್ಲಿ ಕೂರಲು ಹೋದಾಗ ಮೊಣಕಾಲಿನ ನೆವ ಹೇಳಿ ನಾನು ತಿಂಡಿಯ ಜೊತೆ ಉಳಿದೆ. ತಲೆಯ ಮೇಲೆ ಚಪ್ಪರದಲ್ಲಿ ಒಂದು ಸಣ್ಣ ಸ್ಪೀಕರು. ಅದರಿಂದ ಪಿಯಾನೊ ಬರುತ್ತಿತ್ತು. ಎಡಗೈ ಕೆಳಗಿನ ಸ್ವರಗಳಲ್ಲಿ ಆರಾಮಾಗಿ ನಡೆದುಕೊಂಡು ಹೋಗುತ್ತಿದೆ. ಬಲಗೈ ಮೇಲೆ ಯಾವುದೋ ಹಳೆಯ ಪಾಶ್ಚಾತ್ಯ ಶಾಸ್ತ್ರೀಯದ ಸಾಲು ಹಿಡಿದು, ಅರ್ಧಕ್ಕೇ ಅದನ್ನು ಬಿಟ್ಟು, ತನಗೆ ತೋಚಿದ ಕಡೆ ಹೊರಳುತ್ತಿದೆ. ಶಾಸ್ತ್ರೀಯವನ್ನೂ ಜಾಝನ್ನೂ ಕೂಡಿಸಿ ಬಾರಿಸುವ ಪದ್ಧತಿ ಅದು.

ಹನುಮಸಾಗರದ ಹೆಣ್ಣುಮಗಳಿಗೆ, ಅದೂ ಹೈಸ್ಕೂಲಿನಲ್ಲಿ ಗಣಿತ ಹೇಳುವವಳಿಗೆ, ಇದೆಲ್ಲ ಹೆಂಗೆ ಗೊತ್ತು ಅಂತ ನೀವು ಕೇಳಬೇಕು. ಕೇಳಿದರೆ ಶರಣಪ್ಪ ಕಾಕಾನ ವಿಷಯ ಹೇಳಬೇಕಾಗುತ್ತದೆ. ಹೇಳಲಿಕ್ಕೆ ನನಗೂ ಬೇಕಾಗಿದೆ. ಯಾಕೆಂದರೆ ಕಾಕಾ ಎರಡು ವರ್ಷದಿಂದ ಯಾವ ವಾದ್ಯವನ್ನೂ ಮುಟ್ಟಿಲ್ಲ. ಮುಟ್ಟಲಿಕ್ಕೆ ಬರುತ್ತದೆ, ಮುಟ್ಟಲೊಲ್ಲ. ಮನೆಯಲ್ಲಿ ಎಲ್ಲರಿಗೂ ಅದೊಂದು ಸಂಕಟವಾಗಿದೆ, ನನಗಂತೂ ಬಹಳ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹನುಮಸಾಗರದ ಪೇಟಿ ಮಾಸ್ತರ. ಹಾರ್ಮೋನಿಯಮ್ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲವೆಂದಲ್ಲ, ಆದರೆ ಪೇಟಿ ಅಂದರೇ ಅದು ನಮ್ಮದು ಅನ್ನಿಸುತ್ತದೆ. ಬೇಸಿಗೆ ಬಂತೆಂದರೆ ಊರೂರಿನವರು ನಾಟಕ ಕಲಿಸಲಿಕ್ಕೆ ಕಾಕಾನನ್ನು ಕರೆದೊಯ್ಯುತ್ತಿದ್ದರು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಒಂದು ಕಾಲಕ್ಕೆ ರಾಜನ ಪಾರ್ಟು ಮಾಡಿದ ಯಾರನ್ನೇ ಕೇಳಿ ನೋಡಿ, ಕಾಕಾನ ಬೈಗುಳ ತಿಂದಿರುತ್ತಾರೆ. "ಲೇ, ರಾಜಾ ಅದೀಯೋ, ಎಮ್ಮಿ ಕಾಯಾಂವ ಅದೀಯೋ? ಸ್ವರಕ್ಕ ನಿಲ್ಲಲೇ!" ಮಳೆ ಬಿದ್ದು ಬಿತ್ತನೆ ಶುರುವಾದರೆ ನಾಟಕ ಬಂದ್. ಆದರೆ ಸೋಮವಾರದ ಭಜನೆ ಮಾತ್ರ ವರ್ಷವಿಡೀ. ಗುಡಿಯ ಕಟ್ಟೆಯ ಮೇಲೆ ನಡುವೆ ಕಾಕಾ, ಸುತ್ತ ತಾಳದವರು.

ನನಗೂ ಕಲಿಸಿದ. ಕಲಿಸಲು ಪ್ರಯತ್ನಪಟ್ಟ ಅನ್ನುವುದು ಸರಿಯಾದೀತು. ಪೇಟಿಯ ಬಿಳಿ ಕರಿ ಮನೆಗಳಲ್ಲಿ ಬೆರಳು ತಪ್ಪು ಮನೆಗೆ ಹೋಗುತ್ತಿರಲಿಲ್ಲ, ತಾಳ ತಪ್ಪುತ್ತಿರಲಿಲ್ಲ, ಆದರೂ ಕಾಕಾ ಮುಖ ಸಿಂಡರಿಸಿಕೊಂಡು ಕೂರುತ್ತಿದ್ದ. ಕೊನೆಗೊಂದು ದಿನ ತೀರ್ಪು ಕೊಟ್ಟ: "ಯವ್ವಾ, ನಿನ್ನ ಬೆರಳು ಲೆಕ್ಕಾ ಮಾಡ್ತಾವು, ಹಾಡೂದಿಲ್ಲ. ನೀ ಗಣಿತಾನ ಓದು." ಓದಿದೆ. ನನ್ನ ವೃತ್ತಿಜೀವನದ ಮೂಲ ಇಷ್ಟು.

ಈಗ ಸ್ವಲ್ಪ ಎಡಗೈಯ ವಿಚಾರ ಮಾಡೋಣ. ನಮ್ಮಲ್ಲಿ ಎಡಗೈಯ ಬಾಳು ಅಷ್ಟಕ್ಕಷ್ಟೆ. ಅದರಿಂದ ಉಣ್ಣಬಾರದು, ಕೊಡಬಾರದು, ಇಸಿದುಕೊಳ್ಳಬಾರದು. ಮಗು ಎಡಗೈಲಿ ಬಳಪ ಹಿಡಿದರೆ ಬೆರಳ ಗೆಣ್ಣಿಗೆ ಏಟು. ಪೇಟಿಯಲ್ಲೂ ಅದಕ್ಕೆ ಅದೇ ಗತಿ. ಬಲಗೈ ಮುಂದೆ ಕೂತು ಮನೆಗಳ ಮೇಲೆ ಓಡಾಡಿ ಭೇಷ್ ಅನ್ನಿಸಿಕೊಳ್ಳುತ್ತದೆ. ಎಡಗೈ ಹಿಂದೆ ನಿಂತು ತಿದಿ ಒತ್ತುತ್ತದೆ. ಗಾಳಿ ಇಲ್ಲದಿದ್ದರೆ ಪೇಟಿ ಬರೀ ಕಟ್ಟಿಗೆ, ಆದರೂ ಗಾಳಿ ಹಾಕಿದ ಕೈಯನ್ನು ಹೊಗಳಿದವರನ್ನು ನಾನಂತೂ ಕಾಣೆ. ಒಮ್ಮೆ ಕಾಕಾ ಇದನ್ನೇ ದೊಡ್ಡ ವೇದಾಂತದ ಹಾಗೆ ಹೇಳಿದ, "ದುಡಿಯೂದು ಎಡಗೈ, ಹೆಸರು ಬಲಗೈಗೆ" ಅಂತ. ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ನೀಲವ್ವ ಕಾಕು ತಲೆ ಎತ್ತದೆ ಅಂದಳು: "ನಮ್ಮ ಮನ್ಯಾಗೂ ಹಂಗ ಐತ್ರಿ." ಕಾಕಾ ಆಮೇಲೆ ಆ ಮಾತನ್ನು ಮನೆಯಲ್ಲಿ ಆಡಲಿಲ್ಲ.

ಹಿಂಗಿರುವಾಗ ಒಂದು ಸಂಜೆ, ಯಲಬುರ್ಗಾ ಕಡೆಯ ಹಳ್ಳಿಯಿಂದ ನಾಟಕದ ತಾಲೀಮು ಮುಗಿಸಿ ಕಾಕಾ ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದ. ತೊಡೆಯ ಮೇಲೆ ಪೇಟಿ. ಎಮ್ಮೆಯೊಂದು ಅಡ್ಡ ಬಂತು. ಗಾಡಿ ಹೊಡೆಯುವವನಿಗೆ ಏನೂ ಆಗಲಿಲ್ಲ, ಎಮ್ಮೆಗೂ ಏನೂ ಆಗಲಿಲ್ಲ. ಕಾಕಾ ಬೀಳುತ್ತಾ ಬೀಳುತ್ತಾ ಪೇಟಿಯನ್ನು ಎಡಗೈಲಿ ಎದೆಗೆ ಅವುಚಿಕೊಂಡು ಬಲಗೈಯನ್ನು ರಸ್ತೆಗೆ ಕೊಟ್ಟ. ಪೇಟಿಗೆ ಒಂದು ಗೆರೆ ಸಹ ಬೀಳಲಿಲ್ಲ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಸ್ಪತ್ರೆಗೆ ಹೋಗುವ ಮೊದಲು ಎಲುಬು ಕಟ್ಟುವವನ ಹತ್ತಿರ, ಅವನಿಂದ ಆಗದ ಮೇಲೆ ಆಸ್ಪತ್ರೆಗೆ. ಎಲ್ಲ ಮುಗಿದು ಪಟ್ಟಿ ಬಿಚ್ಚಿದಾಗ ಬೆರಳುಗಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿಯಲಿಕ್ಕೆ ಬರುತ್ತಿತ್ತು, ಅಷ್ಟೆ. ನಾನು ನೋಡಲು ಹೋದಾಗ ಕಾಕಾ ಪೇಟಿಯ ಮೇಲೆ ಕಾಕುವಿನ ಹಳೆಯ ಸೀರೆ ಹೊದಿಸಿ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದ. "ಪೇಟಿ ಉಳೀತಲ್ಲ, ಬಿಡು" ಅಂದ. ಆ ಮಾತು ಕೇಳಿ ನನಗೆ ಅಳು ಬಂತು.

ಸುಮ್ಮನಿರುವ ಜಾತಿಯವಳಲ್ಲ ಕಾಕು. "ಎಡಗೈ ಐತೆಲ್ರೀ? ನೀವು ಎಡಗೈಲೆ ಬಾರಸ್ರಿ, ನಾ ಗಾಳಿ ಹಾಕ್ತೀನಿ" ಅಂದಳು. ನಾನು ಅಲ್ಲೇ ಇದ್ದೆ. ಇಬ್ಬರೂ ಪೇಟಿಯ ಎರಡು ಕಡೆ ಕೂತರು. ಕಾಕು ಒಲೆ ಊದುವ ಹುರುಪಿನಲ್ಲಿ ತಿದಿ ಒತ್ತಿದಳು, ಪೇಟಿ ಒದರಿಕೊಂಡಿತು. "ಮೆಲ್ಲಕ" ಎಂದು ಕಾಕಾ ಅಂದರೆ ತೀರ ಮೆಲ್ಲಗೆ ಒತ್ತಿದಳು. ಸ್ವರಕ್ಕೆ ದಮ್ಮು ಹತ್ತಿತು. ಕಾಕಾನ ಎಡಗೈಯಂತೂ ಬೆರಳು ಅನ್ನುವುದು ಇದೆ ಎಂದೇ ಮರೆತ ಕೈ. ಐದನ್ನೂ ಜೋಡಿಸಿಕೊಂಡು ಮನೆಗಳನ್ನು ತಳ್ಳುತ್ತಿತ್ತು.

"ನಿನ್ನ ಸಿಟ್ಟು ಪೇಟ್ಯಾಗ ಬರಾಕತ್ತೈತಿ ನೋಡು."

"ಬರ್ಲಿ ಬಿಡ್ರಿ. ಇಷ್ಟು ವರ್ಷ ನಿಮ್ಮ ಸಿಟ್ಟು ಬಂತು, ಈಗ ನಂದೂ ಒಂದೀಟು ಬರ್ಲಿ."

ಮೂವರೂ ನಕ್ಕೆವು. ನಕ್ಕ ಮೇಲೆ ಕಾಕಾ ಪೇಟಿ ಮುಚ್ಚಿದ. ಭಜನೆಗೆ ಹೋಗುವುದನ್ನೂ ಬಿಟ್ಟ. ಸೋಮವಾರ ಸಂಜೆ ತಾಳದ ಸದ್ದು ಕೇಳಿಸಬಾರದೆಂದು ಹೊಲದ ಕಡೆ ಹೋಗಿ ಕೂರುತ್ತಾನೆ ಎಂದು ಕಾಕು ಫೋನಿನಲ್ಲಿ ಹೇಳಿದಳು.

ನಾನು ಆಗ ಗಂಗಾವತಿಯಲ್ಲಿ ಕೆಲಸದಲ್ಲಿದ್ದೆ. ಬೆರಳಿಗೆ ವ್ಯಾಯಾಮ ಮಾಡಿಸುವ ಡಾಕ್ಟರು ಅಲ್ಲಿ ಇದ್ದುದರಿಂದ ಕಾಕಾ ಕಾಕು ನಮ್ಮ ಮನೆಗೆ ಬಂದು ಉಳಿದರು. ಬರುವಾಗ ಕಾಕು ತನ್ನ ಹೊಲಿಗೆ ಮಷಿನ್ನನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದಳು. ಸುಮ್ಮನೆ ಕೂತು ಉಣ್ಣುವುದು ಅವಳಿಗೆ ಆಗದ ಮಾತು. ಬಸ್ಸಿನ ಕುಲುಕಾಟಕ್ಕೆ ಮಷಿನ್ನಿನ ಚಕ್ರ ಜಾಮಾಯಿತು. ಹಂಗಾಗಿ ನಾವು ಇಸ್ಮಾಯಿಲ್ ಸಾಹೇಬರ ಅಂಗಡಿಗೆ ಹೋದೆವು. ಹೊಲಿಗೆ ಮಷಿನ್ ರಿಪೇರಿಗೆ ಊರಿನಲ್ಲಿ ಅವರದೇ ಹೆಸರು.

ಅಂಗಡಿ ಉದ್ದನ್ನದು. ಎರಡೂ ಗೋಡೆಗೆ ಹೊಲಿಗೆ ಮಷಿನ್ನುಗಳ ಸಾಲು. ಎಣ್ಣೆಯ ವಾಸನೆ. ಹಿಂದಿನ ಗೋಡೆಗೆ ಆತುಕೊಂಡು ಒಂದು ಕರಿ ಕಪಾಟು. ಕಪಾಟು ಅಂತ ನಾವು ಮೂವರೂ ತಿಳಿದೆವು, ಯಾಕೆಂದರೆ ಅದರ ಮೇಲೆ ದಾರದ ಉಂಡೆಗಳಿದ್ದವು. ಸಾಹೇಬರ ಮಗಳು ಶಬಾನಾ ಬಂದು ಮುಚ್ಚಳ ಎತ್ತಿ ಒಳಗಿನ ಧೂಳು ಒರೆಸಿದಾಗ ಬಿಳಿ ಕರಿ ಮನೆಗಳು ಕಂಡವು. ಕಾಕಾ ನಿಂತಲ್ಲೇ ನಿಂತ.

"ಸಾಹೇಬ್ರ, ಇದು ಯಾವ ಪೇಟಿರಿ? ಇಷ್ಟು ದೊಡ್ಡದು!"

"ಪಿಯಾನೊ ಜೀ. ಹೈದರಾಬಾದಿಂದ ಅಕ್ಕಿ ಲಾರ್‍ಯಾಗ ಬಂತು. ಲಾರಿ ಖಾಲಿ ಬರ್ತಿತ್ತು, ಹಾಕ್ಕೊಂಡು ಬಂದೆ. ಒಳಗ ಇನ್ನೂ ಭತ್ತದ ಹೊಟ್ಟು ಸಿಗ್ತೈತಿ." ಸಾಹೇಬರು ಕಾಕಾನ ಕೈ ನೋಡಿದರು, ಕಣ್ಣು ನೋಡಿದರು. "ಪೇಟಿ ಬಾರಸ್ತೀರೇನು? ಕೂಡ್ರಿ, ಕೂಡ್ರಿ."

ಕಾಕಾ ಕೂತ. ಜಡ್ಡುಗಟ್ಟಿದ ಬಲಗೈಯ ತೋರುಬೆರಳೊಂದನ್ನು ಹೆಂಗೋ ಮಾಡಿ ಒಂದು ಬಿಳಿ ಮನೆಯ ಮೇಲಿಟ್ಟ. ಆಗ ನೋಡಬೇಕಿತ್ತು ನೀವು. ಎಡಗೈ ತನ್ನಷ್ಟಕ್ಕೆ ಎದ್ದು, ಪಿಯಾನೊದ ಬದಿಗೆ ಹೋಗಿ, ಅಲ್ಲಿ ಇಲ್ಲದ ತಿದಿಯನ್ನು ಒತ್ತತೊಡಗಿತು. ಮುಂದೆ ಹಿಂದೆ, ಮುಂದೆ ಹಿಂದೆ. ಪಕ್ಕದ ಮಷಿನ್ನಿನ ಮೇಲಿದ್ದ ದಾರದ ಉಂಡೆಗಳು ಉರುಳಿ ಬಿದ್ದವು.

"ಮಾಸ್ತರ್, ನಕ್ಕೋ ಜೀ, ಬ್ಯಾಡ!" ಸಾಹೇಬರು ನಗುತ್ತಾ ಆ ಕೈ ಹಿಡಿದುಕೊಂಡರು. "ಇದಕ್ಕ ಗಾಳಿ ಬ್ಯಾಡ್ರಿ. ಈ ಕೈಗೆ ಸೂಟಿ ಕೊಡ್ರಿ."

ಕಾಕಾ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಸೂಟಿ ಕೊಟ್ರ ಏನು ಮಾಡೂದ್ರಿ ಇದು?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ.

ಸಾಹೇಬರು ತಮ್ಮ ಪ್ರಾಯವನ್ನು ಹಡಗಿನಲ್ಲಿ ಕಳೆದವರು. ಹೈದರಾಬಾದಿನಲ್ಲಿ ಚಿಕ್ಕಪ್ಪನ ಹತ್ತಿರ ಪಿಯಾನೊ ರಿಪೇರಿ ಕಲಿತು, ರಿಪೇರಿ ಮಾಡುತ್ತಾ ಬಾರಿಸುವುದನ್ನೂ ಕಲಿತು, ಪ್ರಯಾಣಿಕರು ಉಣ್ಣುವಾಗ ಬಾರಿಸುವ ನೌಕರಿ ಹಿಡಿದಿದ್ದರು. ಹಗಲು ಊಟಕ್ಕೆ ಪುಸ್ತಕದಲ್ಲಿ ಬರೆದ ಶಾಸ್ತ್ರೀಯ ಸಂಗೀತ. ಸಂಜೆಗೆ ಜಾಝ್. ವರ್ಷಗಟ್ಟಲೆ ಎರಡನ್ನೂ ಬಾರಿಸಿ ಬಾರಿಸಿ ಎರಡರ ನಡುವಿನ ಗೋಡೆ ಸವೆದುಹೋಗಿತ್ತಂತೆ. ನಮಗೆ ತೋರಿಸಿದರು. ಮೊದಲು ಒಂದು ಗಂಭೀರವಾದ ಹಳೆಯ ಕೃತಿ, ಬರೆದಂತೆ, ಒಂದು ಸ್ವರ ಆಚೆ ಈಚೆ ಇಲ್ಲ. ಆಮೇಲೆ ಅದನ್ನೇ ಮತ್ತೆ ಎತ್ತಿಕೊಂಡರು. ಈ ಸಲ ಎಡಗೈ ಕೆಳಗೆ ತೂಗಾಡುತ್ತಾ ನಡೆಯಿತು, ಬಲಗೈ ಅದೇ ಸಾಲಿನಿಂದ ಹೊರಟು ಎಲ್ಲೆಲ್ಲೋ ತಿರುಗಿ ಸರಿಯಾಗಿ ಮನೆಗೆ ಬಂತು. ಕಾಕಾ ತೊಡೆ ತಟ್ಟಿದ. "ಮೊದಲಿಂದು ಇಸ್ತ್ರಿ ಮಾಡಿದ ಅಂಗಿ. ಈಗಿಂದು ಅದ ಅಂಗಿ, ಗುಂಡಿ ಬಿಚ್ಚಿ ಗುಡಿ ಕಟ್ಟಿ ಮ್ಯಾಲ ಕುಂತಂಗ ಐತಿ. ಸಾಹೇಬ್ರ, ಇದು ನಮ್ಮ ಖಯಾಲ್‌ದ ಹಂಗ ಐತಲ್ರೀ! ಹಾಡಿನ ಚೀಜು ಒಂದು, ಅದರ ಮ್ಯಾಲ ತಿರುಗಾಟ ನಮ್ಮದು!"

"ಹೌ ಮಾಸ್ತರ್. ತಿರುಗಾಕ ಎಡಗೈ ಗಟ್ಟಿ ಬೇಕು. ಅಂವ ನಡೀತಿರಬೇಕು, ಇಂವ ಹಾರಬೇಕು." ಇಷ್ಟು ಹೇಳಿ ಸಾಹೇಬರು ಕಾಕಾನ ಎಡಗೈಯನ್ನು ಎತ್ತಿ ಕೆಳಗಿನ ಮನೆಗಳ ಮೇಲಿಟ್ಟರು. "ನಾಳೆ ಬರ್ರಿ. ಮಷಿನ್ ತಯಾರಾಗಾಕ ವಾರ ಹಿಡೀತೈತಿ."

ಮಷಿನ್ ಆವತ್ತೇ ತಯಾರಾಗಿತ್ತು. ಶಬಾನಾ ಎಷ್ಟೋ ದಿನದ ಮೇಲೆ ನನಗೆ ಹೇಳಿದಳು.

ಕಾಕಾ ದಿನಾ ಹೋದ. ಬೆರಳಿನ ವ್ಯಾಯಾಮದ ಡಾಕ್ಟರನ್ನು ಮರೆತ, ಸಾಹೇಬರನ್ನು ಮರೆಯಲಿಲ್ಲ. ಅರವತ್ತು ದಾಟಿದ ಕೈಗೆ ಹೊಸದಾಗಿ ಬೆರಳು ಮೂಡಿಸುವುದೆಂದರೆ ಸುಮ್ಮನೆ ಮಾತಲ್ಲ. ನಮ್ಮ ಮನೆಯ ಊಟದ ಮೇಜು, ಕಿಟಕಿಯ ಸರಳು, ಕಾಕುವಿನ ಬೆನ್ನು, ಎಲ್ಲದರ ಮೇಲೂ ಎಡಗೈ ನಡೆಯಿತು. ಕಾಕು "ನಾ ಏನು ಪಿಯಾನೋನೇನ್ರಿ?" ಅಂತ ಗದರುತ್ತಿದ್ದಳು, ಆದರೆ ಬೆನ್ನು ಸರಿಸುತ್ತಿರಲಿಲ್ಲ.

ಜಗಳ ಬೇಕಾದಷ್ಟು ಆದವು. ನಮ್ಮ ರಾಗಗಳಲ್ಲಿ ಕೆಲವು ಸ್ವರಗಳಿಗೆ ಪ್ರವೇಶವಿಲ್ಲ. ಸಾಹೇಬರ ಜಾಝ್ ಅಂಥವನ್ನೇ ಹುಡುಕಿ ಕರೆತರುತ್ತಿತ್ತು. ಕಾಕಾ ಭೀಮಪಲಾಸ ಹಾಡಿ ತೋರಿಸುವುದು, ಸಾಹೇಬರು ಅದರ ಕೆಳಗೆ ಸ್ವರಗಳ ಗೊಂಚಲು ಇಡುವುದು, ಅದರಲ್ಲಿ ಒಂದು ಬಾರದ ಸ್ವರ ಸೇರಿರುವುದು, ಕಾಕಾ ಚೇಳು ಕಡಿದವರಂತೆ ಎದ್ದು ನಿಲ್ಲುವುದು.

"ಅದು ವರ್ಜ್ಯ ಐತ್ರಿ ಸಾಹೇಬ್ರ! ಮುಟ್ಟಬಾರದು!"

"ಮುಟ್ಟಿಲ್ಲ ಮಾಸ್ತರ್. ದಾರ್‍ಯಾಗ ಸಿಕ್ಕಾ, ಸಲಾಂ ಹೊಡದೆ, ಮುಂದ ಹೋದೆ. ಮನಿಗೆ ಕರದಿಲ್ಲ."

ಕಾಕಾ ಕೂತು ಯೋಚಿಸಿದ. "ಸಲಾಂ ಹೊಡದ್ರ ನಡೀತೈತಿ" ಎಂದು ಒಪ್ಪಿದ. ಅಂದಿನಿಂದ ಎಂಥ ಸ್ವರ ಬಂದರೂ ನಿಂತು ಮಾತಾಡಿಸಬಾರದು, ಸಲಾಂ ಹೊಡೆದು ಸಾಗಬೇಕು ಎಂಬುದು ಅವರಿಬ್ಬರ ಕಾನೂನಾಯಿತು.

ಇನ್ನೊಂದು ತೊಡಕು ಕಾನೂನಿನಿಂದ ಬಗೆಹರಿಯುವಂಥದಲ್ಲ. ಪೇಟಿಯಲ್ಲಿ ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೊದ ಸ್ವರ ಬಾರಿಸಿದ ಗಳಿಗೆಯಿಂದಲೇ ಕರಗತೊಡಗುತ್ತದೆ. ಕಾಕಾ ಮನೆಯನ್ನು ಒತ್ತಿ ಹಿಡಿದೇ ಕೂರುತ್ತಿದ್ದ. ಅದು ಹೋಗುವುದನ್ನು ಅವನಿಂದ ತಾಳಲಾಗುತ್ತಿರಲಿಲ್ಲ. ಸಾಹೇಬರು ಒಂದು ದಿನ ಕಾಕಾನ ಹೆಗಲ ಮೇಲೆ ಕೈ ಇಟ್ಟು ಹೇಳಿದರು: "ಪೇಟಿ ಸ್ವರಾನ ಸಾಕ್ತೈತಿ. ಪಿಯಾನೊ ಸ್ವರಾನ ಕಳಿಸಿ ಕೊಡ್ತೈತಿ. ಕಳಿಸಿದ ಮ್ಯಾಲ ಒಂದೀಟು ಸುಮ್ಕ ಕುಂದರ್ರಿ ಮಾಸ್ತರ್. ಆ ಸುಮ್ಕ ಕುಂದ್ರೂದು ಐತೆಲ್ಲ, ಅದೂ ಬಾರಸೂದ." ಕಾಕಾ ಆಗ ತಲೆ ಆಡಿಸಿದ. ತಿಳಿಯಲಿಲ್ಲ ಎಂದು ಮನೆಗೆ ಬಂದು ನನ್ನ ಮುಂದೆ ಹೇಳಿದ.

ಶ್ರಾವಣ ಬಂತು. ಕಾಕು ಊರಿಗೆ ಫೋನು ಮಾಡಿ ಏನು ಹೇಳಿದಳೋ ಗೊತ್ತಿಲ್ಲ, ಒಂದು ಸೋಮವಾರ ಬೆಳಿಗ್ಗೆ ಹನುಮಸಾಗರದ ಭಜನೆಯವರು ಟೆಂಪೊ ಮಾಡಿಕೊಂಡು ಗಂಗಾವತಿಗೆ ಬಂದು ಇಳಿದರು. ಮುಂದೆ ಗವಿಸಿದ್ದಪ್ಪ, ಪದ ಎತ್ತುವವನು. ಕಾಕಾನಿಗೆ ಸುದ್ದಿಯೇ ಇಲ್ಲ. ಅಂಗಡಿಯ ಬಾಗಿಲಲ್ಲಿ ಅವರನ್ನು ನೋಡಿ ಕಾಕಾನ ಮುಖ ಸಣ್ಣದಾಯಿತು. ಊರಲ್ಲಿ ಮೂಲೆ ಸೇರಿದ ಪೇಟಿ ಮಾಸ್ತರ ಅನ್ನಿಸಿಕೊಂಡದ್ದು ಒಂದು. ಇಲ್ಲಿ ಎಲ್ಲರೆದುರು ಸೋತರೆ ಮತ್ತೆ ಯಾವ ವಾದ್ಯದ ಹತ್ತಿರವೂ ಹೋಗುವುದಿಲ್ಲ ಎನ್ನುವುದು ನನಗೆ ಅವನ ಮುಖದಲ್ಲೇ ಕಂಡಿತು. ಕಾಕುವಿಗೂ ಕಂಡಿರಬೇಕು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಒಂದ ಕೈಲೆ ಏನು ಬಾರಸ್ತೀಯೋ ಶರಣಪ್ಪ?" ಗವಿಸಿದ್ದಪ್ಪ ಕೇಳಿದ. ಕುಹಕವಲ್ಲ, ಅವನಿಗೆ ನಿಜವಾಗಿ ಗಾಬರಿಯಾಗಿತ್ತು.

"ಇನ್ನೊಂದು ಕೈ ನಂದೈತಿ" ಅಂದರು ಸಾಹೇಬರು. "ಬರ್ರಿ ಒಳಗ. ಮಷಿನ್ ಸರಸಿದ್ರ ಜಾಗಾ ಆಕ್ಕೈತಿ."

ಎಲ್ಲರೂ ಸೇರಿ ಮಷಿನ್ನುಗಳನ್ನು ಗೋಡೆಗೆ ಒತ್ತರಿಸಿದರು. ಶಬಾನಾ ಚಾಪೆ ಹಾಸಿದಳು. ಗವಿಸಿದ್ದಪ್ಪ ತಂದಿದ್ದ ದೀಪ ಎಲ್ಲಿಡಲಿ ಎಂದು ತಡವರಿಸುತ್ತಿದ್ದಾಗ ಸಾಹೇಬರೇ ಒಂದು ಮಷಿನ್ನಿನ ಮೇಲಿನ ಕತ್ತರಿ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟರು. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಎಡಕ್ಕೆ ಕಾಕಾ, ಬಲಕ್ಕೆ ಸಾಹೇಬರು. ಗವಿಸಿದ್ದಪ್ಪ ನಮ್ಮೂರಿನ ಒಂದು ಹಳೆಯ ಪದ ಎತ್ತಿದ.

ಕಾಕಾನ ಎಡಗೈ ನಡೆಯಿತು. ನಿಧಾನ, ತುಸು ತೂಗಾಟ, ಆದರೆ ಗಟ್ಟಿ. ಅದರ ಮೇಲೆ ಸಾಹೇಬರು ಪದದ ಧಾಟಿಯನ್ನು ಎತ್ತಿಕೊಂಡು, ಮೊದಲು ತಮ್ಮ ಹಳೆಯ ಶಾಸ್ತ್ರೀಯದ ಶಿಸ್ತಿನಲ್ಲಿ ಬಾರಿಸಿ, ಆಮೇಲೆ ಅಂಗಿಯ ಗುಂಡಿ ಬಿಚ್ಚಿದರು. ತಾಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ತಾಳ ಬಿಡಲಿಲ್ಲ. ನಾಲ್ಕೈದು ಸಾಲು ಆಗಿರಬೇಕು. ಒಂದು ಕಡೆ ಕಾಕಾ ಕೆಳಗಿನ ಒಂದು ಸ್ವರ ಬಾರಿಸಿ, ಅದನ್ನು ಒತ್ತಿ ಹಿಡಿಯದೆ, ಕೈ ಎತ್ತಿದ. ಸಾಹೇಬರೂ ಎತ್ತಿದರು. ಸ್ವರ ಕರಗಿತು. ಅಂಗಡಿಯೆಲ್ಲ ನಿಶ್ಶಬ್ದ.

ನಿಮಗೆ ನಮ್ಮ ಭಜನೆಯ ಪದ್ಧತಿ ಗೊತ್ತಿದ್ದರೆ ಮುಂದೆ ಏನಾಯಿತು ಎಂದು ಹೇಳಬೇಕಿಲ್ಲ. ನಮ್ಮಲ್ಲಿ ಪೇಟಿ ನಿಂತಿತೆಂದರೆ ಪದ ಮುಗಿಯಿತು ಎಂದೇ ಲೆಕ್ಕ. ಮುಗಿದ ಕೂಡಲೆ ಜಯಘೋಷ ಆಗಬೇಕು. ಹುಟ್ಟಿದಾಗಿನಿಂದ ಬಂದ ರೂಢಿ. ಆ ನಿಶ್ಶಬ್ದದಲ್ಲಿ ಇಡೀ ಮೇಳ, ಕಣ್ಣು ಮುಚ್ಚಿ, ಎದೆ ತುಂಬಿ ಕೂಗಿತು: "ಹರ ಹರ ಮಹಾದೇವ!"

ಪದ ಅರ್ಧಕ್ಕೂ ಬಂದಿರಲಿಲ್ಲ. ಕಾಕಾ ಬೆಚ್ಚಿ ತಿರುಗಿದ. ಗವಿಸಿದ್ದಪ್ಪ ನಾಲಿಗೆ ಕಚ್ಚಿಕೊಂಡ. ಕಾಕು ಕಣ್ಣು ಮುಚ್ಚಿಕೊಂಡಳು. ಕೆಟ್ಟಿತು, ಎಲ್ಲಾ ಕೆಟ್ಟಿತು ಅಂದುಕೊಂಡೆ. ಆಗ ಸಾಹೇಬರ ಬಲಗೈ ಮೇಲಿನ ಮನೆಗಳಲ್ಲಿ ಒಂದು ಸಣ್ಣ ಸಾಲು ಬಾರಿಸಿತು. "ಹರ ಹರ ಮಹಾದೇವ" ಎಂಬ ಕೂಗಿನದೇ ಏರಿಳಿತ. ಅವರಿಗೆ ಅವರದನ್ನೇ ತಿರುಗಿ ಹೇಳಿದಂತೆ. ಕಾಕಾನಿಗೆ ತಿಳಿಯಿತು. ಅವನ ಮುಖದ ಮೇಲೆ ಅಂಥ ನಗುವನ್ನು ನಾನು ಮೊದಲು ಕಂಡಿರಲಿಲ್ಲ. ಎಡಗೈ ಮತ್ತೆ ನಡೆಯಿತು, ಪದ ಮುಂದೆ ಹೊರಟಿತು, ಮತ್ತು ಅದೇ ಜಾಗಕ್ಕೆ ಬಂದಾಗ ಕಾಕಾ ಬೇಕೆಂದೇ ಕೈ ಎತ್ತಿದ.

ಈ ಸಲ ಮೇಳ ಹೆದರಿ ಸುಮ್ಮನಿತ್ತು. ಹಿಂದಿನಿಂದ ಒಂದೇ ಒಂದು ಧ್ವನಿ ಬಂತು, ಕಾಕುವಿನದು. ಗೋಡೆ ಬಿರಿಯುವ ಹಾಗೆ. "ಹರ ಹರ ಮಹಾದೇವ!"

ಆಮೇಲೆ ಅದು ನಿಲ್ಲುವ ಮಾತೇ ಇರಲಿಲ್ಲ. ಕಾಕಾ ಎಲ್ಲಿ ಕೈ ಎತ್ತುತ್ತಾನೋ ಯಾರಿಗೂ ತಿಳಿಯದು. ಎಲ್ಲರೂ ಕಾಯುವುದು, ಎತ್ತಿದ ಕೂಡಲೆ ಕೂಗುವುದು, ಸಾಹೇಬರು ಉತ್ತರ ಕೊಡುವುದು. ಬೀದಿಯವರು ಬಂದು ಬಾಗಿಲು ತುಂಬಿದರು. ಗವಿಸಿದ್ದಪ್ಪ ಬೆವರೊರೆಸುತ್ತಾ, "ಶರಣಪ್ಪ, ಇದು ಯಾವ ಪಂಥದ ಭಜನಿಯೋ?" ಅಂದ. "ಸುಮ್ಕ ಕುಂದ್ರೂ ಪಂಥ" ಅಂದ ಕಾಕಾ. ಸಾಹೇಬರು ಎದ್ದು ಕಾಕಾನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

ಆಮೇಲೆ ಕಾಕಾ ಕಾಕು ಊರಿಗೆ ಮರಳಿದರು, ಆದರೆ ಮುಂದೆ ಪ್ರತಿ ಶ್ರಾವಣ ಅವರನ್ನೂ ಕೂರಿಸಿಕೊಂಡು ಟೆಂಪೊ ಬಂತು. ನನಗೆ ಕೊಪ್ಪಳಕ್ಕೆ ವರ್ಗವಾಯಿತು, ಆದರೂ ಆ ಸೋಮವಾರ ತಪ್ಪಿಸಿದವಳಲ್ಲ. ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಸಾಹೇಬರು ತೀರಿಕೊಂಡರು. ಮಧ್ಯಾಹ್ನ ಮಷಿನ್ನಿಗೆ ಎಣ್ಣೆ ಹಾಕುತ್ತಿದ್ದವರು ಹಾಗೇ ಒರಗಿದರಂತೆ. ಕಾಕಾ ಮಣ್ಣಿಗೆ ಹೋಗಿ ಬಂದ. ಆಮೇಲೆ ನಾನು ಮೆಲ್ಲಗೆ ಪಿಯಾನೊದ ಮಾತು ತೆಗೆದರೆ, "ನನ್ನ ಬಲಗೈ ಎರಡು ಸಲ ಮುರೀತವ್ವಾ. ಸಾಕು" ಅಂದ. ಶಬಾನಾ ಅಂಗಡಿ ನಡೆಸುತ್ತಿದ್ದಾಳೆ. "ಚಾಚಾ, ಬಂದು ಬಾರಸ್ರಿ, ಅಬ್ಬಾನ ಪಿಯಾನೊ ಮುಚ್ಚಿ ಕುಂತೈತಿ" ಎಂದು ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಕಾಕಾ ಹೂಂ ಅನ್ನುತ್ತಾನೆ, ಹೋಗುವುದಿಲ್ಲ. ಹೋದ ಶ್ರಾವಣದಲ್ಲೂ ಅದರ ಹಿಂದಿನದರಲ್ಲೂ ಟೆಂಪೊ ಹೊರಡಲಿಲ್ಲ.

ಹೀಗೆಲ್ಲ ನೆನೆಯುತ್ತಾ ಸಾಣಾಪುರದ ಆ ಚಪ್ಪರದ ಕೆಳಗೆ ಕೂತಿದ್ದೆ. ಉಪ್ಪಿಟ್ಟು ಆರಿತ್ತು. ಸ್ಪೀಕರಿನಲ್ಲಿ ಪಿಯಾನೊ ಇನ್ನೂ ನಡೆದಿತ್ತು. ನನಗೆ ಏನನ್ನಿಸಿತೋ ಏನೋ, ಎಡಗೈಲೇ ಫೋನು ಒತ್ತಿ ಹನುಮಸಾಗರಕ್ಕೆ ಹಚ್ಚಿದೆ. ಕಾಕು ಎತ್ತಿದಳು. "ಕಾಕಾನ ಕಿವೀಗೆ ಹಿಡಿ. ಏನೂ ಹೇಳಬ್ಯಾಡ" ಅಂದೆ. ಅಂದು, ಕುರ್ಚಿಯ ಮೇಲೆ ಹತ್ತಿ, ಫೋನನ್ನು ಸ್ಪೀಕರಿಗೆ ಹಿಡಿದೆ. ಮೊಣಕಾಲು ನೋವು ಅಂದವಳು ಕುರ್ಚಿ ಹತ್ತಿದ್ದನ್ನು ನಾದಿನಿ ನೋಡಲಿಲ್ಲ, ಪುಣ್ಯ. ಬಡಿಸುವವನು ನೋಡಿದ. ಅವನು ಈಗ ಹತ್ತಿರ ಬರುವ ಧೈರ್ಯ ಮಾಡಲಿಲ್ಲ.

ಪಿಯಾನೊ ನಡೆಯಿತು, ತಿರುಗಿತು, ಒಂದು ಕೆಳಗಿನ ಸ್ವರಕ್ಕೆ ಬಂದು ನಿಂತಿತು. ಬಾರಿಸುವವನು, ಅವನು ಯಾವ ದೇಶದವನೋ, ಕೈ ಎತ್ತಿದ. ಸ್ವರ ಕರಗಿತು. ಪಕ್ಕದ ಗದ್ದೆಯ ಕಾಲುವೆಯ ನೀರಿನ ಸದ್ದು ಕೇಳಿಸಿತು.

ಆಗ ಫೋನಿನೊಳಗಿಂದ, ಸಣ್ಣಗೆ ಬಂತು: "ಹರ ಹರ ಮಹಾದೇವ."

ಪಕ್ಕದ ಮೇಜಿನ ವಿದೇಶಿ ಹೆಣ್ಣುಮಗಳು ತಿರುಗಿ ನೋಡಿದಳು. ಪಿಯಾನೊ ಮತ್ತೆ ಶುರುವಾಯಿತು. ನಾನು ಕುರ್ಚಿಯಿಂದ ಇಳಿದು ಫೋನನ್ನು ಕಿವಿಗೆ ಹಿಡಿದೆ. ಆ ಕಡೆ ಕಾಕಾ ಮೂಗು ಒರೆಸಿಕೊಳ್ಳುತ್ತಿದ್ದ. ನಾನೂ ಅದೇ ಕೆಲಸದಲ್ಲಿದ್ದೆ.

"ಯಾರವ್ವಾ ಅಂವ?" ಅಂದ ಕಾಕಾ ಕೊನೆಗೆ. "ಎಡಗೈ ಛಲೋ ಐತಿ. ಒಂದೀಟು ಅವಸರ ಮಾಡ್ತಾನ."

"ಗೊತ್ತಿಲ್ಲ ಕಾಕಾ."

"ಹೂಂ." ಆ ಕಡೆ ಯಾವುದರ ಮೇಲೋ ಅವನ ಬೆರಳು ನಡೆದ ಸದ್ದು ಬಂತು. "ಶ್ರಾವಣ ಸೋಮಾರಕ್ಕ ಗಂಗಾವತಿಗೆ ಹೋಗೂಣು. ಶಬಾನಾಗ ಹೇಳು, ಪಿಯಾನೊದಾಗ ಇಲಿ ಹೊಕ್ಕಿರ್ತಾವು, ಒಂದೀಟು ಝಾಡಿಸಿ ಇಡು ಅಂತ. ಗವಿಸಿದ್ದಪ್ಪಗ ನಾ ಹೇಳ್ತೀನಿ."

"ಹೇಳ್ತೀನಿ ಕಾಕಾ. ಆದ್ರ ಬಲಗೈ ಯಾರ್ದು?"

"ನೀ ಇಲ್ಲೇನು? ನಿನಗ ಪೇಟಿ ಕಲಿಸಿದ್ದು ಯಾತಕ್ಕ?"

"ನನ್ನ ಬೆರಳು ಲೆಕ್ಕಾ ಮಾಡ್ತಾವು ಅಂತ ನೀನ ಅಂದಿದ್ದಿ."

"ಮಾಡ್ಲಿ ಬಿಡು. ನಾ ನಡೀತಿರ್ತೀನಿ, ನೀ ಬಾ. ತಪ್ಪಿತು ಅಂದ್ರ ಕೈ ಎತ್ತು. ಉಳಿದದ್ದು ಅವರು ಕೂಗ್ತಾರ."

ಫೋನು ಇಟ್ಟ. ಕೆರೆಯ ಕಡೆಯಿಂದ ನಾದಿನಿಯವರ ಮಾತು ಕೇಳಿಸುತ್ತಿತ್ತು. ಎಡಗೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು, ಅದರ ಕೆಲಸ ಮುಗಿದಿತ್ತು. ಬಲಗೈಯನ್ನು ನೋಡಿಕೊಂಡೆ. ಬೆರಳಿಗೆಲ್ಲ ಉಪ್ಪಿಟ್ಟು ಒಣಗಿ ಅಂಟಿತ್ತು. ಎದ್ದು ತೊಳೆಯಲು ಹೋದೆ.